ಯಂತ್ರಗುಮಾಸ್ತನಿಗೆ ಉಪಕರಣವನ್ನು ವಿವರಿಸುವ ಬಗೆ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಗಣಕಯಂತ್ರವನ್ನು ಕುರಿತು ಬರೆಯಹೊರಟರೆ, ಇವನಿಗೇಕೆ ಈ ಉಸಾಬರಿ ಎಂದು ವಾಚಕರು ಕೇಳುವುದು ಸಹಜವೇ ಆಗಿದೆ. ನನ್ನ ಉತ್ತರ ಇಷ್ಟೇ: ನಾನು ಹೇಳಹೊರಟಿರುವುದು ಯಂತ್ರದ ವಿಷಯವಲ್ಲ, ಯಂತ್ರಕ್ಕಾಗಿ ಬರೆಯಬೇಕಾದ ನಾಲ್ಕು ಸಾಲು ಗದ್ಯದ ವಿಷಯ. ಆ ನಾಲ್ಕು ಸಾಲು ಸರಿಯಾಗಿರದಿದ್ದ ಕಾರಣ, ಕಳೆದ ವರ್ಷ ಮಿರಗದ ಮಳೆಗೆ ಮುಂಚೆ, ನಮ್ಮ ಮುತ್ಯಾನ ಹೊಲದಲ್ಲಿ ಹನ್ನೆರಡು ಗುಂಟೆ ಒಂದೇ ಗಳಿಗೆಯಲ್ಲಿ ಮಾಯವಾಯಿತು. ಬರೆದವನು ನಾನೇ. ಆದುದರಿಂದ ಈ ವಿಷಯದಲ್ಲಿ ಮಾತನಾಡಲು ನನಗೆ ಕೊಂಚ ಅಧಿಕಾರ ಉಂಟೆಂದು ಭಾವಿಸುತ್ತೇನೆ.

ಮೊದಲು ಯಂತ್ರದ ಸ್ವರೂಪವನ್ನು ಸ್ಥೂಲವಾಗಿ ತಿಳಿಯೋಣ. ಮೊಬೈಲಿನಲ್ಲಿ ಪ್ರಶ್ನೆ ಕೇಳಿದರೆ ಕನ್ನಡದಲ್ಲಿಯೇ ಉತ್ತರಿಸುವ ಯಂತ್ರಗಳಿಗೆ ಭಾಷಾಮಾದರಿಗಳೆಂದು ಹೆಸರು. ಅಪಾರವಾದ ಬರಹವನ್ನು ಅವುಗಳಿಗೆ ಉಣಿಸಿ, ಒಂದು ಮಾತಿನ ಮುಂದೆ ಯಾವ ಮಾತು ಬರತಕ್ಕದ್ದೆಂಬುದನ್ನು ರೂಢಿ ಮಾಡಿಸಿರುತ್ತಾರೆ. ಹೀಗೆ ಓದಿದ ಯಂತ್ರಕ್ಕೆ ತೊಗರಿಯ ಬೇಸಾಯದ ಕ್ರಮ ಗೊತ್ತಿರಬಹುದು; ಆದರೆ ಇಂದು ಬೆಳಿಗ್ಗೆ ಬೀದರಿನ ಗಾಂಧಿಗಂಜಿನಲ್ಲಿ ತೊಗರಿ ಎಷ್ಟಕ್ಕೆ ಮಾರಿತೆಂಬುದು ಗೊತ್ತಿರಲಾರದು. ಅದನ್ನು ಯಾರಾದರೂ ತಂದುಕೊಡಬೇಕು. ತಂದುಕೊಡುವ ಸಣ್ಣ ಪ್ರೋಗ್ರಾಮಿಗೆ ಟೂಲ್, ಅಂದರೆ ಉಪಕರಣ, ಎನ್ನುತ್ತಾರೆ. ಇಂತಹ ಉಪಕರಣಗಳನ್ನು ತಾನೇ ಆರಿಸಿಕೊಂಡು, ಒಂದರ ಮೇಲೊಂದು ಬಳಸಿ, ಕೆಲಸ ಮುಗಿಸುವ ಯಂತ್ರಕ್ಕೆ ಏಜೆಂಟ್ ಎಂದು ಹೆಸರು. ಏಜೆಂಟನೆಂದರೆ ನಮ್ಮ ಕಡೆ ವಿಮೆಯವನ ನೆನಪಾಗುವುದರಿಂದ ಈ ಲೇಖನದಲ್ಲಿ ಅದನ್ನು ಯಂತ್ರಗುಮಾಸ್ತನೆಂದು ಕರೆಯುತ್ತೇನೆ.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಸಂಗತಿಯೊಂದಿದೆ. ಉಪಕರಣದ ಒಳಗೆ ಏನಿದೆಯೆಂಬುದು ಗುಮಾಸ್ತನಿಗೆ ಕಾಣಿಸುವುದಿಲ್ಲ. ಕಾಣಿಸುವುದು ಮೂರೇ: ಉಪಕರಣದ ಹೆಸರು, ಅದೇನು ಮಾಡುತ್ತದೆಂಬ ವಿವರಣೆ, ಅದಕ್ಕೆ ತುಂಬಿಕೊಡಬೇಕಾದ ಖಾನೆಗಳ ಪಟ್ಟಿ. ಪ್ರಶ್ನೆ ಬಂದೊಡನೆ ಎಲ್ಲ ಉಪಕರಣಗಳ ವಿವರಣೆಯನ್ನೂ ಪ್ರಶ್ನೆಯ ಜೊತೆಯಲ್ಲಿಯೇ ಅದರ ಮುಂದಿಡುತ್ತಾರೆ. ಅದು ಎಲ್ಲವನ್ನೂ ಓದಿ, ಇಂಥ ಉಪಕರಣವನ್ನು ಕರೆಯಿರಿ, ಇಂಥ ಖಾನೆಯಲ್ಲಿ ಇಂಥದನ್ನು ತುಂಬಿರಿ ಎಂಬ ಅರ್ಥದ ಒಂದು ಚೀಟಿಯನ್ನು ಬರೆಯುತ್ತದೆ. ಹೊರಗಿನ ಪ್ರೋಗ್ರಾಮು ಚೀಟಿಯಂತೆ ನಡೆದು ಫಲಿತವನ್ನು ತಂದೊಪ್ಪಿಸುತ್ತದೆ. ಗುಮಾಸ್ತನು ಅದನ್ನು ಓದಿ, ಕೇಳಿದವರಿಗೆ ತನ್ನ ಮಾತಿನಲ್ಲಿ ಉತ್ತರ ಹೇಳುತ್ತಾನೆ. 2023ರ ಜೂನ್ ತಿಂಗಳಲ್ಲಿ ಓಪನ್‌ಎಐ ಸಂಸ್ಥೆಯು ಈ ಬಗೆಯ ಕರೆಯನ್ನು ತನ್ನ ಮಾದರಿಗಳಲ್ಲಿ ಅಳವಡಿಸಿತು. 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಸಂಸ್ಥೆಯು, ಯಾರು ಮಾಡಿದ ಉಪಕರಣವನ್ನಾದರೂ ಯಾವ ಗುಮಾಸ್ತನಿಗಾದರೂ ಜೋಡಿಸಲು ಬರುವಂತೆ, ಎಂಸಿಪಿ ಎಂಬ ಸಾಮಾನ್ಯ ಕಟ್ಟಳೆಯೊಂದನ್ನು ಪ್ರಕಟಿಸಿತು. ಇತಿಹಾಸ ಇಷ್ಟು ಸಾಕು.

ನಮ್ಮ ಬೀದರಿನ ಬಿದರಿ ಕೆಲಸದ ಅಂಗಡಿಯನ್ನು ನೋಡಿದವರಿಗೆ ಇದರ ತೊಡಕು ಬೇಗ ಹೊಳೆದೀತು. ಅಲ್ಲಿ ಉಸ್ತಾದರು ತಲೆಯೆತ್ತದೆ ಕೈಚಾಚಿ “ಅದು ಕೊಡು” ಎನ್ನುತ್ತಾರೆ. ಹತ್ತು ಉಳಿಗಳಲ್ಲಿ ಬೇಕಾದ ಉಳಿಯನ್ನೇ ಹುಡುಗನು ಕೊಡುತ್ತಾನೆ. ಅವನು ವರುಷಗಟ್ಟಲೆ ಪಕ್ಕದಲ್ಲಿ ಕುಳಿತು ಕಂಡವನು. “ಅದು” ಎಂಬ ಎರಡಕ್ಷರ ಅವನಿಗೆ ಸಾಲುತ್ತದೆ. ಗುಮಾಸ್ತನಿಗೂ ಉಪಕರಣಗಳಿಗೂ ನಡುವೆಯಾದರೋ ಪರದೆಯೊಂದು ಇಳಿಬಿದ್ದಿದೆ. ಪರದೆಯ ಮೇಲೆ ಅಂಟಿಸಿದ ಚೀಟಿಯೇ ಅವನ ಕಣ್ಣು.

ಪರೀಕ್ಷೆ ಮುಗಿದ ಬಿಡುವಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ಗೆಳೆಯನೊಬ್ಬನೂ ನಾನೂ ಸೇರಿ, ಮೈಲೂರಿನ ನಮ್ಮ ಓಣಿಯವರಿಗೆ ಹಾಗೂ ಭಾಲ್ಕಿ ತಾಲ್ಲೂಕಿನ ನಮ್ಮ ಹಳ್ಳಿಯವರಿಗೆ ಉಪಯೋಗವಾದೀತೆಂದು ಇಂತಹ ಒಬ್ಬ ಗುಮಾಸ್ತನನ್ನು ಸಿದ್ಧಪಡಿಸಿದೆವು. ಉಪಕರಣಗಳು ಮೂರು: ಪೇಟೆಯ ಧಾರಣೆ ಹೇಳುವುದೊಂದು, ಮಳೆಯ ಮುನ್ಸೂಚನೆ ಹೇಳುವುದೊಂದು, ಪಹಣಿಯ ವಿವರ ಹೇಳುವುದೊಂದು. ಪಹಣಿಯದು ಸರ್ಕಾರದ ದಫ್ತರಿಗೆ ಜೋಡಿಸಿದುದಲ್ಲ. ನಮ್ಮ ಮನೆಯವರ ಮತ್ತು ಒಪ್ಪಿದ ನೆರೆಯವರ ಪಹಣಿಯ ನಕಲುಗಳನ್ನು ನೋಡಿ ನಾವೇ ಬರೆದಿಟ್ಟುಕೊಂಡ ಸಣ್ಣ ಪಟ್ಟಿ. ಪ್ರೋಗ್ರಾಮು ಅವನದು, ಕನ್ನಡ ನನ್ನದು ಎಂದು ಕರಾರಾಯಿತು. ನಾನು ಬರೆದ ಮೊದಲ ವಿವರಣೆಗಳನ್ನು ನಾಚಿಕೆ ಬಿಟ್ಟು ಇಲ್ಲಿ ಕೊಡುತ್ತೇನೆ.

“ಧಾರಣೆ. ಮಾರುಕಟ್ಟೆಯ ಧಾರಣೆ ಕೊಡುತ್ತದೆ. ಖಾನೆಗಳು: ಹೆಸರು, ದಿನಾಂಕ.”

“ಮಳೆ. ಊರಿನ ಹವಾಮಾನ ಹೇಳುತ್ತದೆ. ಖಾನೆ: ಊರು.”

“ಜಮೀನು. ಜಮೀನಿನ ಮಾಹಿತಿ ಕೊಡುತ್ತದೆ. ಖಾನೆಗಳು: ಊರು, ನಂಬರು. ವಿಸ್ತೀರ್ಣ ಎಕರೆಯಲ್ಲಿ.”

ಬರೆದು ಮುಗಿಸಿದಾಗ, ಒಂದು ಮಾತೂ ಹೆಚ್ಚಿಲ್ಲದೆ ಸೂತ್ರಪ್ರಾಯವಾಗಿ ಬರೆದೆನೆಂದು ನನಗೆ ಹೆಮ್ಮೆಯೇ ಆಗಿತ್ತು.

ಹೆಮ್ಮೆ ಮುರಿದುದು ಮೊದಲ ಪ್ರಶ್ನೆಗೇ. ಓಣಿಯ ಕಾಕಾ ಒಬ್ಬರು ಬಂದು “ತಮ್ಮಾ, ಹೆಸರಿಂದು ಧಾರಣಿ ಏನ್ ನಡದದ ಕೇಳು” ಎಂದರು. ಕೇಳಿದೆ. ಗುಮಾಸ್ತನು ಬಹು ವಿನಯದಿಂದ “ಯಾವುದರ ಹೆಸರು ಎಂಬುದನ್ನು ದಯವಿಟ್ಟು ತಿಳಿಸಿ” ಎಂದನು. ಕಾಕಾ ಹುಬ್ಬು ಗಂಟಿಕ್ಕಿ “ಹೆಸರು ಅಂದ್ರ ಹೆಸರೇ, ಮತ್ತೇನು?” ಎಂದರು. ಅದನ್ನೂ ಹಾಗೆಯೇ ಬರೆದು ಕಳಿಸಿದೆ. ಆಗ ಗುಮಾಸ್ತನು ಕಾಕಾನ ಹೆಸರನ್ನು ಕೇಳಿದನು. ಮುಂಗಾರಿನಲ್ಲಿ ಬೀದರ ಸೀಮೆಯ ಹೊಲಹೊಲಗಳಲ್ಲಿ ಬೆಳೆಯುವ ಕಾಳಿಗೂ ಮನುಷ್ಯನ ನಾಮಧೇಯಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಶಬ್ದವೆಂಬುದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಗಂಜಿನಲ್ಲಿ ನಿಂತವರಾರೂ ಆ ಎರಡನ್ನು ಕಲಸಿಕೊಳ್ಳುವುದಿಲ್ಲವಾದ್ದರಿಂದ, ಹೇಳಬೇಕೆಂದು ಮಾತ್ರ ತೋಚಿರಲಿಲ್ಲ. ಖಾನೆಗೆ “ಹೆಸರು” ಎಂದು ಹೆಸರಿಟ್ಟು ನಾನೇ ಬಲೆ ಹೆಣೆದಿದ್ದೆ. ಖಾನೆಯ ಹೆಸರನ್ನು “ಬೆಳೆ” ಎಂದು ಬದಲಾಯಿಸಿ, “ಇಲ್ಲಿ ಕಾಳಿನ ಅಥವಾ ಬೆಳೆಯ ಹೆಸರನ್ನು ತುಂಬಬೇಕು, ‘ಹೆಸರಿನ ಧಾರಣೆ’ ಎಂದು ಕೇಳಿದರೆ ಅದು ಹೆಸರುಕಾಳು” ಎಂಬ ಒಂದು ವಾಕ್ಯ ಸೇರಿಸಿದೆ. ತೊಂದರೆ ತಪ್ಪಿತು. ಅದೇ ಉಸುರಿನಲ್ಲಿ, ನಮ್ಮ ಕಡೆ ಕಡಲಿ ಎಂದರೆ ಕಡಲೆಕಾಳು, ಮೈಸೂರು ಕಡೆಯವರ ಕಡಲೆಕಾಯಿಗೆ ಇಲ್ಲಿ ಶೇಂಗಾ ಎನ್ನುತ್ತಾರೆ ಎಂದೂ ಬರೆದೆ. ಏಕೆಂದರೆ ಯಂತ್ರವು ಓದಿರುವ ಕನ್ನಡದಲ್ಲಿ ನಮ್ಮ ಸೀಮೆಯ ಮಾತು ಕಡಮೆ. ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ ಈ ಜಿಲ್ಲೆಯ ಮಾತಿನಲ್ಲಿ ಉರ್ದು, ಮರಾಠಿ, ತೆಲುಗುಗಳೂ ಕಲೆತಿವೆ. ಅದನ್ನು ಬಲ್ಲವರೇ ಬರೆದುಕೊಡಬೇಕು.

ಹೊರಗಿನವರೂ ಇಂತಹ ತಪ್ಪುಗಳನ್ನು ಮಾಡಿ ತಿದ್ದಿಕೊಂಡಿದ್ದಾರೆಂಬುದನ್ನು ಓದಿದಾಗ ನನಗೆ ಸಮಾಧಾನವಾಯಿತು. ಆಂಥ್ರೊಪಿಕ್ ಸಂಸ್ಥೆಯವರು 2025ರಲ್ಲಿ ಪ್ರಕಟಿಸಿದ ಸಲಹೆಗಳಲ್ಲಿ, ಖಾನೆಗೆ ಬರಿದೆ “ಬಳಕೆದಾರ” ಎಂದು ಹೆಸರಿಡದೆ “ಬಳಕೆದಾರನ ಗುರುತುಸಂಖ್ಯೆ” ಎಂದಿಡಿರೆಂಬುದೂ ಒಂದು. ಅವರ ಗುಮಾಸ್ತನು ಏನನ್ನು ಹುಡುಕುವಾಗಲೂ ಪ್ರಶ್ನೆಯ ಕೊನೆಗೆ 2025 ಎಂದು ಅನಾವಶ್ಯಕವಾಗಿ ಸೇರಿಸುತ್ತಿದ್ದನಂತೆ. ಹುಡುಕುವ ಉಪಕರಣದ ವಿವರಣೆಯನ್ನು ತಿದ್ದಿದ ಮೇಲೆ ಆ ಚಾಳಿ ಬಿಟ್ಟನಂತೆ.

ಮಳೆಯ ವಿಷಯಕ್ಕೆ ಬರುತ್ತೇನೆ. ಮೈಲಾರ ಮಲ್ಲಣ್ಣನ ಗುಡಿಯಿರುವ ಖಾನಾಪುರವನ್ನು ಬೀದರ ಜಿಲ್ಲೆಯಲ್ಲಿ ಅರಿಯದವರಿಲ್ಲ. ಅದು ಭಾಲ್ಕಿ ತಾಲ್ಲೂಕಿನಲ್ಲಿದೆ. ಅಲ್ಲಿಯ ನಂಟರೊಬ್ಬರು ಬಿತ್ತನೆಗೆ ಹೊಲ ಹಸನು ಮಾಡಿಟ್ಟುಕೊಂಡು “ಖಾನಾಪುರದಾಗ ನಾಳಿ ಮಳಿ ಅದಾ?” ಎಂದು ಕೇಳಿದರು. ಗುಮಾಸ್ತನು, ಭಾರಿ ಮಳೆಯಾಗುವುದು, ಎಚ್ಚರದಿಂದಿರಿ ಎಂದನು. ಆಕಾಶದಲ್ಲಿ ಮೋಡದ ತುಣುಕೂ ಇರಲಿಲ್ಲ. ಬೆಳಗಾವಿ ಜಿಲ್ಲೆಯಲ್ಲಿ, ಸಹ್ಯಾದ್ರಿಯ ಮಗ್ಗುಲಲ್ಲಿ, ಖಾನಾಪುರವೆಂಬ ತಾಲ್ಲೂಕಿದೆಯಷ್ಟೆ. ಅಲ್ಲಿಯ ಮಳೆಯನ್ನು ತಂದು ಇಲ್ಲಿ ಸುರಿಸಿದ್ದನು! ನಂಟರು ಅನುಭವಸ್ಥರಾದ್ದರಿಂದ ಯಂತ್ರಕ್ಕಿಂತ ಮುಗಿಲನ್ನು ನಂಬಿ ಸುಮ್ಮನಿದ್ದರು.

ಊರಿನ ಹೆಸರುಗಳ ಈ ಗೋಜು ನಮ್ಮಲ್ಲಿ ಹೇಳತೀರದು. ಮೈಲೂರು ಬೇರೆ, ಮೈಲಾರ ಬೇರೆ. ಚಿಂಚೋಳಿ ಎಂದರೆ ಕಲಬುರಗಿ ಜಿಲ್ಲೆಯ ತಾಲ್ಲೂಕು ಸ್ಥಳ. ಭಾಲ್ಕಿ ತಾಲ್ಲೂಕಿನಲ್ಲಿರುವುದು ಖಟಕ ಚಿಂಚೋಳಿ. ಹಳ್ಳಿಯವನಿಗೆ ತಾನು ನಿಂತ ನೆಲವೇ ಉಳಿದರ್ಧ ವಿಳಾಸ. ಆದಕಾರಣ ಅವನು ಅರ್ಧ ಮಾತ್ರ ಹೇಳುತ್ತಾನೆ, ಅದು ಅವನ ತಪ್ಪಲ್ಲ. ಮೇಲೆ ಹೇಳಿದ ಸಂಸ್ಥೆಯವರು 2024ರ ಡಿಸೆಂಬರಿನಲ್ಲಿ ಬರೆದ ಅನುಭವವೊಂದು ಇದಕ್ಕೆ ಸರಿಯಾದ ಜೋಡಿ. ಪ್ರೋಗ್ರಾಮುಗಳ ದೋಷ ತಿದ್ದುವ ಗುಮಾಸ್ತನೊಬ್ಬನಿಗೆ ಅವರು ಕಡತಗಳ ವಿಳಾಸವನ್ನು ತಾನಿರುವ ಜಾಗದಿಂದ ಅಳೆದು ಹೇಳಲು ಬಿಟ್ಟಿದ್ದರು. “ಗುಡಿ ಹಿಂದಿನ ಮನೆ” ಎಂದು ನಾವು ಹೇಳುವುದಿಲ್ಲವೆ, ಹಾಗೆ. ಗುಮಾಸ್ತನು ಜಾಗ ಬದಲಿಸಿದೊಡನೆ ಎಲ್ಲ ವಿಳಾಸವೂ ತಪ್ಪುತ್ತಿತ್ತು. ಮೊದಲಿನಿಂದ ಕೊನೆಯವರೆಗಿನ ಪೂರ್ಣ ವಿಳಾಸವನ್ನೇ ಕೊಡತಕ್ಕದ್ದೆಂದು ಉಪಕರಣವನ್ನು ಬಿಗಿ ಮಾಡಿದ ಮೇಲೆ ತಪ್ಪುವುದು ನಿಂತಿತಂತೆ. ಆ ಕೆಲಸದಲ್ಲಿ ಗುಮಾಸ್ತನಿಗೆ ಕೊಡುವ ಒಟ್ಟು ಸೂಚನೆಗಿಂತ ಉಪಕರಣಗಳನ್ನು ತಿದ್ದುವುದಕ್ಕೇ ಹೆಚ್ಚು ಕಾಲ ವ್ಯಯವಾಯಿತೆಂದೂ ಅವರು ಬರೆದಿದ್ದಾರೆ. ನಾವೂ ಹಾಗೆಯೇ ಮಾಡಿದೆವು. “ಊರು” ಎಂಬ ಒಂದು ಖಾನೆಯ ಬದಲು ಜಿಲ್ಲೆ, ತಾಲ್ಲೂಕು, ಗ್ರಾಮ ಎಂದು ಮೂರು ಮಾಡಿದೆವು. ನಮ್ಮ ಕೆಲಸವೆಲ್ಲ ಬೀದರ ಜಿಲ್ಲೆಯದೇ ಆದುದರಿಂದ, ತಾಲ್ಲೂಕಿನ ಖಾನೆಯಲ್ಲಿ ಔರಾದ, ಬಸವಕಲ್ಯಾಣ, ಭಾಲ್ಕಿ, ಬೀದರ, ಚಿಟಗುಪ್ಪ, ಹುಲಸೂರ, ಹುಮನಾಬಾದ, ಕಮಲನಗರ ಎಂಬ ಎಂಟನ್ನು ಬಿಟ್ಟು ಒಂಬತ್ತನೆಯದನ್ನು ಬರೆಯಲು ಬಾರದಂತೆ ಗೆಳೆಯನು ಬೀಗ ಹಾಕಿದನು.

ಇನ್ನು ಹನ್ನೆರಡು ಗುಂಟೆಯ ಕಥೆ.

ನಮ್ಮ ಮುತ್ಯಾನಿಗೂ ಅವರ ತಮ್ಮನಿಗೂ, ಅಂದರೆ ನಮ್ಮ ಸಣ್ಣ ಮುತ್ಯಾನಿಗೂ, ಐದು ಎಕರೆಯ ಒಂದು ಸರ್ವೆ ನಂಬರು ಎರಡು ಹಿಸ್ಸೆಯಾಗಿ ಹಂಚಿಕೆಯಾಗಿದೆ. ಸಮಪಾಲು, ತಲಾ ಎರಡೂವರೆ ಎಕರೆ. ಮುತ್ಯಾನಿಗೆ ಓದು ಬಾರದು. ಮನೆಯಲ್ಲಿ ಕಾಗದ ಓದುವವನು ನಾನೊಬ್ಬನೇ. ಸೊಸೈಟಿಯ ನೋಟೀಸಿನಿಂದ ಹಿಡಿದು ಔಷಧದ ಚೀಟಿಯವರೆಗೆ ಎಲ್ಲವೂ ನನ್ನ ಬಾಯಿಯಿಂದಲೇ ಅವರ ಕಿವಿಗೆ ಹೋಗಬೇಕು. ಹೀಗಿರಲು ಯಂತ್ರವು ತಾನೇ ಬಾಯಿಬಿಟ್ಟು ಹೇಳುತ್ತದೆಂದಾಗ ಅವರಿಗಾದ ಕುತೂಹಲ ಅಷ್ಟಿಷ್ಟಲ್ಲ. “ನನ್ನ ಹೊಲ ಎಷ್ಟ ಅದ ಕೇಳು ನೋಡಾಮ” ಎಂದರು. ಗುಮಾಸ್ತನು ಸ್ಪಷ್ಟವಾದ ಕನ್ನಡದಲ್ಲಿ “ನಿಮ್ಮ ಜಮೀನು 2.2 ಎಕರೆ, ಅಂದರೆ ಎರಡು ಎಕರೆ ಎಂಟು ಗುಂಟೆ” ಎಂದನು.

ಮುತ್ಯಾ ಒಂದು ಗಳಿಗೆ ಮಾತನಾಡಲಿಲ್ಲ. ಅವರು ಓದಿಲ್ಲವಾದರೂ ಗುಂಟೆಯ ಲೆಕ್ಕದಲ್ಲಿ ಅವರನ್ನು ಸೋಲಿಸುವವರಿಲ್ಲ. “ಎಂಟ? ಇಪ್ಪತ್ತ ಇರಬೇಕು. ಹನ್ನೆರಡ ಗುಂಟಿ ಯಾರ್ ನುಂಗ್ಯಾರ?” ಎಂದವರೇ ರುಮಾಲು ಹೆಗಲಿಗೆ ಹಾಕಿಕೊಂಡು ಎದ್ದರು. ಒಂದು ಗುಂಟೆಗೆ 1,089 ಚದರಡಿ. ಹನ್ನೆರಡು ಗುಂಟೆಯೆಂದರೆ ಸಣ್ಣ ಮಾತಲ್ಲ. ಐದು ಎಕರೆಯಲ್ಲಿ ತನಗೆ ಕಡಮೆಯಾದುದು ಯಾರಿಗೆ ಹೆಚ್ಚಾಗಿರಬೇಕೆಂಬುದಕ್ಕೆ ಬೇರೆ ವಿಚಾರಣೆ ಬೇಕಿರಲಿಲ್ಲ. ನಾನು ಟ್ರಂಕಿನಿಂದ ಪಹಣಿಯ ನಕಲನ್ನು ಹುಡುಕಿ ತೆಗೆಯುವಷ್ಟರಲ್ಲಿ ಅವರು ತಮ್ಮನ ಅಂಗಳ ಮುಟ್ಟಿದ್ದರು. ಆ ಸಂಜೆ ಎರಡು ಮನೆಗಳ ನಡುವೆ ನಡೆದ ಮಾತುಗಳನ್ನು ಇಲ್ಲಿ ಬರೆಯಲಾರೆ.

ತಪ್ಪು ಎಲ್ಲಿತ್ತು? ಪಹಣಿಯಲ್ಲಿ ವಿಸ್ತೀರ್ಣವನ್ನು ಎಕರೆ, ಗುಂಟೆ ಎಂಬ ಕ್ರಮದಲ್ಲಿ ನಡುವೆ ಚುಕ್ಕಿಯಿಟ್ಟು ಬರೆಯುವುದು ರೂಢಿ. 2.20 ಎಂದಿದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ ಎಂದರ್ಥ. ನಲವತ್ತು ಗುಂಟೆಗೆ ಒಂದು ಎಕರೆಯಾದ್ದರಿಂದ ಅದು ಎರಡೂವರೆ ಎಕರೆ. ಆ ಚುಕ್ಕಿ ದಶಮಾಂಶದ ಚುಕ್ಕಿಯಲ್ಲ. ಆದರೆ ನನ್ನ ವಿವರಣೆ ಏನು ಹೇಳಿತ್ತು? “ವಿಸ್ತೀರ್ಣ ಎಕರೆಯಲ್ಲಿ” ಎಂದು. ಗೆಳೆಯನ ಪ್ರೋಗ್ರಾಮು 2.20 ಎಂಬುದನ್ನು ಅಂಕಗಣಿತದ ಸಂಖ್ಯೆಯೆಂದು ಬಗೆದು ಕೊನೆಯ ಸೊನ್ನೆಯನ್ನು ಉದುರಿಸಿತು. ಗುಮಾಸ್ತನು ನನ್ನ ಮಾತನ್ನು ನಂಬಿ ಹತ್ತರಲ್ಲೆರಡು ಪಾಲು ಎಕರೆಯನ್ನು ಎಂಟು ಗುಂಟೆಯಾಗಿ ಪರಿವರ್ತಿಸಿದನು. ಅವನ ಗಣಿತದಲ್ಲಿ ಕಿಂಚಿತ್ತೂ ದೋಷವಿಲ್ಲ. ಆದುದರಿಂದಲೇ ಆ ಉತ್ತರ ಅಪಾಯಕರವಾಯಿತು. ಖಾನಾಪುರದ ಮಳೆಯನ್ನಾದರೆ ಮುಗಿಲು ನೋಡಿ ಅಲ್ಲಗಳೆಯಬಹುದು. ಕಾಗದದಲ್ಲಿ ಏನಿದೆಯೆಂಬುದನ್ನು ಓದಲಾರದವನು ಏನನ್ನು ನೋಡಿ ಅಲ್ಲಗಳೆಯಬೇಕು? ಇಂತಹ ಗುಮಾಸ್ತನ ನೆರವು ಯಾರಿಗೆ ಹೆಚ್ಚು ಬೇಕೋ ಅವರಿಗೇ ಅವನ ತಪ್ಪನ್ನು ಕಂಡುಹಿಡಿಯುವ ದಾರಿ ಕಡಮೆ.

ಕರ್ನಾಟಕದಲ್ಲಿ 2000ದ ಸುಮಾರಿಗೆ ಭೂಮಿ ಯೋಜನೆಯು ಬಂದು, ಕೈಬರಹದ ಪಹಣಿಗಳು ಹೋಗಿ, ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಕ್ಕೆ ಏರಿದುವು. ಸರ್ವೆ ನಂಬರು, ಹಿಸ್ಸಾ, ಎಕರೆ ಗುಂಟೆಯ ಚುಕ್ಕಿ ಮುಂತಾದ ಸಂಕೇತಗಳು ಹಾಗೆಯೇ ಅದರೊಳಗೆ ಬಂದಿವೆ. ಬಲ್ಲವರು ಬಲ್ಲವರಿಗಾಗಿ ಬರೆದುಕೊಂಡ ಭಾಷೆ ಅದು. ನಾಳೆ ಯಾರಾದರೂ ನಿಜವಾದ ದಫ್ತರಿಗೇ ಇಂತಹ ಗುಮಾಸ್ತನನ್ನು ಜೋಡಿಸಿದರೆ, ಆ ಭಾಷೆಯನ್ನು ಅವನಿಗೆ ಒಡೆದು ಹೇಳುವ ನಾಲ್ಕು ಸಾಲಿನ ಮೇಲೆ ಎಷ್ಟೋ ಮನೆಗಳ ನೆಮ್ಮದಿ ನಿಂತಿರುತ್ತದೆ.

ಪಹಣಿಯ ವಿವರಣೆಯನ್ನು ಮರುದಿನ ಕುಳಿತು ಹೊಸದಾಗಿ ಬರೆದೆ. ಅದು ಹೀಗಿದೆ:

“ಪಹಣಿ ನೋಡುವ ಉಪಕರಣ. ಒಂದು ಹಿಸ್ಸೆಯ ಖಾತೆದಾರರ ಹೆಸರನ್ನೂ ವಿಸ್ತೀರ್ಣವನ್ನೂ ನಮ್ಮ ಪಟ್ಟಿಯಿಂದ ಓದಿ ಹೇಳುತ್ತದೆ. ತನ್ನ ಹೊಲ ಎಷ್ಟು, ಯಾರ ಹೆಸರಿನಲ್ಲಿದೆ ಎಂದು ಕೇಳಿದಾಗ ಬಳಸಬೇಕು. ಖಾತೆ ಬದಲಾವಣೆ, ಸಾಲ, ಹದ್ದುಬಸ್ತು, ಬೆಳೆವಿಮೆ ಇವುಗಳಿಗೆ ಬಳಸಬಾರದು, ಅವು ಇದರಲ್ಲಿಲ್ಲ. ತಾಲ್ಲೂಕು, ಗ್ರಾಮ, ಸರ್ವೆ ನಂಬರು, ಹಿಸ್ಸಾ ನಂಬರು ಈ ನಾಲ್ಕೂ ಬೇಕು. ಜನರು 45/2 ಎಂದು ಒಟ್ಟಿಗೆ ಹೇಳುವುದುಂಟು. ಆಗ ಸರ್ವೆ ನಂಬರು 45, ಹಿಸ್ಸಾ 2. ಹಿಸ್ಸಾ ಹೇಳದಿದ್ದರೆ ಊಹಿಸಬಾರದು, ಕೇಳಬೇಕು. ಫಲಿತದಲ್ಲಿ ಎಕರೆ ಒಂದು ಖಾನೆ, ಗುಂಟೆ ಇನ್ನೊಂದು ಖಾನೆ. ಎಕರೆ 2, ಗುಂಟೆ 20 ಎಂದು ಬಂದರೆ ‘ಎರಡು ಎಕರೆ ಇಪ್ಪತ್ತು ಗುಂಟೆ’ ಎಂದೇ ಹೇಳಬೇಕು, ದಶಮಾಂಶವಾಗಿ ಬದಲಾಯಿಸಬಾರದು. ಈ ಪಟ್ಟಿ ಹಳೆಯ ನಕಲನ್ನು ನೋಡಿ ಬರೆದುದು. ನಕಲಿನ ತಾರೀಖನ್ನೂ ಉತ್ತರದಲ್ಲಿ ಹೇಳಬೇಕು.”

ಮೊದಲಿನದಕ್ಕೆ ಹೋಲಿಸಿದರೆ ಇದು ಉದ್ದವಾಯಿತೆಂಬುದು ನಿಜ. ಆದರೆ ಇದರಲ್ಲಿ ಯಾವ ವಾಕ್ಯವನ್ನು ತೆಗೆದರೂ ಯಾವುದೋ ಒಂದು ಮನೆಯ ಅಂಗಳದಲ್ಲಿ ಜಗಳವಾದೀತು. ಎಕರೆ, ಗುಂಟೆ ಬೇರೆ ಬೇರೆ ಖಾನೆಯಾದುದನ್ನು ವಾಚಕರು ಗಮನಿಸಿರಬೇಕು. ಚುಕ್ಕಿಯ ಅರ್ಥವನ್ನು ವಿವರಿಸಲು ನಾನು ಆರು ಸಾಲು ಬರೆದು ಹೊಡೆದುಹಾಕಿದ ಮೇಲೆ ಗೆಳೆಯನು ಬೇಸತ್ತು ಉಪಕರಣವನ್ನೇ ಬದಲಿಸಿದನು. ವಿವರಿಸುವುದಕ್ಕೆ ಇಷ್ಟು ತ್ರಾಸವಾಗುವ ವಸ್ತುವಿನಲ್ಲಿ ವಿವರಣೆಯದಲ್ಲ, ವಸ್ತುವಿನದೇ ದೋಷವಿರುತ್ತದೆಂದು ಆ ದಿನ ಇಬ್ಬರಿಗೂ ಅನ್ನಿಸಿತು.

ಇದನ್ನೆಲ್ಲ ಬರೆಯುವಾಗ ನನಗೆ ನೆನಪಾದುದು ತರಗತಿಯಲ್ಲಿ ಓದುವ ಕೇಶಿರಾಜ. ಹದಿಮೂರನೆಯ ಶತಮಾನದ ಈ ವೈಯಾಕರಣನ ‘ಶಬ್ದಮಣಿದರ್ಪಣ’ದಲ್ಲಿ ಕಂದಪದ್ಯದ ಸೂತ್ರ, ಅದನ್ನು ಬಿಡಿಸಿ ಹೇಳುವ ಗದ್ಯದ ವೃತ್ತಿ, ಪೂರ್ವಕವಿಗಳಿಂದ ಆಯ್ದ ಪ್ರಯೋಗ ಎಂದು ಮೂರು ಅಂಗಗಳಿವೆ. ಪರೀಕ್ಷೆಯ ದೃಷ್ಟಿಯಿಂದ ನಾವು ಸೂತ್ರವನ್ನು ಬಾಯಿಪಾಠ ಮಾಡಿ ಪ್ರಯೋಗವನ್ನು ಬಿಟ್ಟುಬಿಡುತ್ತಿದ್ದೆವು. ನನ್ನ ಮೊದಲ ವಿವರಣೆಗಳಲ್ಲಿಯೂ ಸೂತ್ರವಿತ್ತು, ವೃತ್ತಿಯಿರಲಿಲ್ಲ, ಪ್ರಯೋಗವಂತೂ ಇರಲೇ ಇಲ್ಲ. “45/2 ಎಂದರೆ ಸರ್ವೆ 45, ಹಿಸ್ಸಾ 2” ಎಂಬ ಒಂದು ಪ್ರಯೋಗ, ಎಷ್ಟು ಬಿಡಿಸಿ ಬರೆದರೂ ಮುಗಿಯದ ವೃತ್ತಿಯ ಕೆಲಸವನ್ನು ಮಾಡಿಬಿಡುತ್ತದೆ. ಕಂದವನ್ನು ಓದಬಲ್ಲ ವಿದ್ವಾಂಸರಿಗೇ ಪ್ರಯೋಗ ಬೇಕೆಂದು ಕೇಶಿರಾಜನಿಗೆ ತೋರಿರಬೇಕಾದರೆ, ಹೊಲವನ್ನೇ ಕಾಣದ ಯಂತ್ರಕ್ಕೆ ಬೇಡವೆ?

ಹಾಗೆಂದು ಬರೆದಷ್ಟೂ ಒಳ್ಳೆಯದೆಂದಲ್ಲ. ವಿವರಣೆಗಳೆಲ್ಲ ಪ್ರತಿಯೊಂದು ಪ್ರಶ್ನೆಯ ಜೊತೆಗೂ ಹೋಗುವುದರಿಂದ ಉದ್ದವಾದಷ್ಟೂ ಖರ್ಚು ಹೆಚ್ಚು, ಗುಮಾಸ್ತನ ಗಮನವೂ ಹಂಚಿಹೋಗುತ್ತದೆ. ಯಂತ್ರವು ಬರಹವನ್ನು ತುಣುಕು ತುಣುಕಾಗಿ ಒಡೆದು ಓದುತ್ತದೆ. ಅದೇ ಮಾತು ಇಂಗ್ಲಿಷಿಗಿಂತ ಕನ್ನಡದಲ್ಲಿ ಸಾಮಾನ್ಯವಾಗಿ ಹೆಚ್ಚು ತುಣುಕುಗಳಾಗುತ್ತದೆ. ಆದುದರಿಂದ ವಿವರಣೆಯನ್ನು ಇಂಗ್ಲಿಷಿನಲ್ಲಿಯೇ ಬರೆದುಬಿಡೋಣವೆಂದು ಗೆಳೆಯನು ವಾದಿಸಿದನು. ನಾನು ಒಪ್ಪಲಿಲ್ಲ. ಹೆಸರುಕಾಳಿನ ತೊಡಕು ಕನ್ನಡದಲ್ಲಿ ಹುಟ್ಟಿದುದು. ಇಂಗ್ಲಿಷಿನಲ್ಲಿ ಬರೆಯುವವನಿಗೆ ಅದು ಹೊಳೆಯುವುದೇ ಇಲ್ಲ. ಕೊನೆಗೆ ಉಪಕರಣದ ಚೌಕಟ್ಟು ಇಂಗ್ಲಿಷಿನಲ್ಲಿ, ಜನ ಆಡುವ ಮಾತುಗಳ ವಿವರ ಕನ್ನಡದಲ್ಲಿ ಎಂದು ರಾಜಿಯಾಯಿತು.

ಉಪಕರಣವು ಸೋತು ಹಿಂದಿರುಗಿದಾಗ ಆಡುವ ಮಾತೂ ವಿವರಣೆಯ ಭಾಗವೇ. ಮೊದಲು ನಮ್ಮದು “ದೋಷ” ಎಂದಷ್ಟೇ ಹೇಳುತ್ತಿತ್ತು. ಗುಮಾಸ್ತನು ಅದೇ ಚೀಟಿಯನ್ನು ಮತ್ತೆ ಮತ್ತೆ ಬರೆದು ಕೊನೆಗೆ ಬಾಯಿಗೆ ಬಂದ ಉತ್ತರ ಹೇಳುತ್ತಿದ್ದನು. ಈಗ “ಈ ಗ್ರಾಮ ನಮ್ಮ ಪಟ್ಟಿಯಲ್ಲಿಲ್ಲ, ಇಲ್ಲವೆಂದೇ ಹೇಳಿ” ಎಂದೋ “ಈ ನಂಬರಿನಲ್ಲಿ ಎರಡು ಹಿಸ್ಸೆಗಳಿವೆ, ಯಾವುದೆಂದು ಕೇಳಿ” ಎಂದೋ ಹೇಳುತ್ತದೆ.

ಇನ್ನೊಂದು ವಿಚಾರವನ್ನು ಹೇಳದೆ ಬಿಡುವುದು ಸರಿಯಲ್ಲ. ಗುಮಾಸ್ತನು ವಿವರಣೆಯನ್ನು ನಂಬುತ್ತಾನೆಂದ ಮೇಲೆ, ಕೆಟ್ಟ ಬುದ್ಧಿಯವನು ಬರೆದುದನ್ನೂ ನಂಬುತ್ತಾನೆ. ಬೇರೆಯವರು ಮಾಡಿಟ್ಟ ಉಪಕರಣದ ವಿವರಣೆಯೊಳಗೆ, ಬಳಸುವವನ ಕಣ್ಣಿಗೆ ಬೀಳದಂತೆ, ಅವನ ಗುಟ್ಟಿನ ಕಡತಗಳನ್ನು ಓದಿ ಕಳಿಸು ಎಂಬಂತಹ ಆಜ್ಞೆಯನ್ನು ಅಡಗಿಸಿಡಬಹುದೆಂದು ಇನ್ವೇರಿಯಂಟ್ ಲ್ಯಾಬ್ಸ್ ಎಂಬವರು 2025ರ ಏಪ್ರಿಲಿನಲ್ಲಿ ತೋರಿಸಿಕೊಟ್ಟರು. ಓದದೆ ಹೆಬ್ಬೆಟ್ಟು ಒತ್ತಿದ ಕಾಗದಗಳಿಂದ ಹೊಲ ಕಳೆದುಕೊಂಡವರ ಕಥೆಗಳನ್ನು ಕೇಳಿ ಬೆಳೆದವರಿಗೆ ಇದರಲ್ಲಿ ಹೊಸತೇನೂ ಕಾಣಿಸದು. ಪರರ ಉಪಕರಣವನ್ನು ಜೋಡಿಸುವ ಮೊದಲು ಅದರ ವಿವರಣೆಯನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಕಣ್ಣಾರೆ ಓದುವುದು ಅವಶ್ಯ.

ಬರೆದ ವಿವರಣೆಯನ್ನು ಪರೀಕ್ಷಿಸುವ ಬಗೆಯನ್ನೂ ಹೇಳಿಬಿಡುತ್ತೇನೆ. ಜನರು ನಿಜವಾಗಿ ಕೇಳಿದ ಪ್ರಶ್ನೆಗಳನ್ನು ಅವರು ಆಡಿದಂತೆಯೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ವಿವರಣೆಯಲ್ಲಿ ಒಂದಕ್ಷರ ಬದಲಿಸಿದರೂ ಆ ಹಾಳೆಯನ್ನೆಲ್ಲ ಮತ್ತೊಮ್ಮೆ ಕೇಳುತ್ತೇವೆ. ಒಂದನ್ನು ತಿದ್ದುವಾಗ ಇನ್ನೊಂದು ಕೆಡುವುದುಂಟು. ಅದಕ್ಕೂ ಮುಂಚೆ, ಹೊಲದ ಗೊಡವೆಯೇ ಇಲ್ಲದ ನನ್ನ ತಂಗಿಯ ಕೈಗೆ ವಿವರಣೆಯ ಹಾಳೆಯನ್ನಷ್ಟೇ ಕೊಟ್ಟು, ಪ್ರಶ್ನೆ ಓದಿ, ಯಾವ ಖಾನೆಯಲ್ಲಿ ಏನು ತುಂಬುವೆ ಎಂದು ಕೇಳುತ್ತೇನೆ. ನನ್ನ ಮುಖ ನೋಡಬಾರದೆಂಬುದು ಕಟ್ಟಳೆ. ಅವಳು ತಡವರಿಸಿದ ಕಡೆಯಲ್ಲೆಲ್ಲ ಗುಮಾಸ್ತನು ತಡವರಿಸದೆ ತಪ್ಪು ಮಾಡುತ್ತಾನೆ. ಅವನಿಗೂ ಅವಳಿಗೂ ಇರುವ ವ್ಯತ್ಯಾಸ ಅದೊಂದೇ.

ಎಂಟು ದಿನ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಿಬ್ಬರನ್ನೂ ಒಂದೇ ಕಟ್ಟೆಯ ಮೇಲೆ ಕೂಡಿಸಿ, ಹೊಸ ವಿವರಣೆಯೊಡನೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದೆ. ಮುತ್ಯಾ ಬೇಕೆಂದೇ ಹಿಸ್ಸಾ ನಂಬರು ಹೇಳಲಿಲ್ಲ. ಗುಮಾಸ್ತನು “ಈ ಸರ್ವೆ ನಂಬರಿನಲ್ಲಿ ಎರಡು ಹಿಸ್ಸೆಗಳಿವೆ. ನಿಮ್ಮದು ಒಂದನೆಯದೋ ಎರಡನೆಯದೋ?” ಎಂದು ಕೇಳಿದನು. “ಎರಡೂ ಹೇಳು” ಎಂದರು ಸಣ್ಣ ಮುತ್ಯಾ. ಎರಡು ಎಕರೆ ಇಪ್ಪತ್ತು ಗುಂಟೆ, ಎರಡು ಎಕರೆ ಇಪ್ಪತ್ತು ಗುಂಟೆ ಎಂದು ಉತ್ತರ ಬಂತು; ಜೊತೆಗೆ ನಕಲಿನ ತಾರೀಖು. ಮುತ್ಯಾ ನನ್ನ ಕಡೆ ತಿರುಗಿ, “ಆ ಕಾಗದ ಇಲ್ಲೇ ತಾ, ಅದರಾಗ ಏನ್ ಅದ ನೀನೇ ಒಮ್ಮಿ ಓದು” ಎಂದರು. ಓದಿದೆ.